ಟರಂಟುಲಾ ಮರಿ ಸತ್ತಾಗ: ದುಃಖ ಒಂದು ದಿನ, ವಿಚಾರಣೆ ಇನ್ನೊಂದು ದಿನ

ಸಾಕಿದ ಟರಂಟುಲಾ, ಎಂದರೆ ಮೈತುಂಬ ಕೂದಲಿನ ದೊಡ್ಡ ಜಾತಿಯ ಜೇಡ, ಅದರ ಮರಿ ಸತ್ತಿದೆ ಅನ್ನಿಸಿದ ರಾತ್ರಿ ಅದನ್ನು ಎಸೆಯಬೇಡಿ. ಡಬ್ಬಿ ತೊಳೆಯಬೇಡಿ. ಯಾರ ಮೇಲೂ, ನಿಮ್ಮ ಮೇಲೂ, ತಪ್ಪು ಹೊರಿಸಬೇಡಿ. ಆ ಹೊತ್ತಿಗೆ ಮನಸ್ಸು ಈ ಮೂರಕ್ಕೂ ತುದಿಗಾಲಲ್ಲಿ ನಿಂತಿರುತ್ತದೆ. ಮೊದಲು ಸತ್ತದ್ದು ಹೌದೋ ಎಂದು ನೋಡಬೇಕು. ಹೌದಾದರೆ ದೇಹ ಕೆಡದಂತೆ ತೆಗೆದಿಡಬೇಕು. ಅಳು ಬಂದರೆ ಅಳಬೇಕು. ಯಾಕೆ ಸತ್ತಿತು ಎಂಬ ಪ್ರಶ್ನೆಗೆ ಬೇರೆ ದಿನ ಇದೆ, ಹಗಲು ಹೊತ್ತು ಇದೆ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲದವಳು, ಬದಿಯಡ್ಕದ ಒಂದು ಮೆಡಿಕಲ್‌ನಲ್ಲಿ ಫಾರ್ಮಸಿಸ್ಟ್. ಮನೆಯ ಚಾವಡಿಗೆ ತಾಗಿದ ಸಣ್ಣ ಕೋಣೆಯಲ್ಲಿ ಟರಂಟುಲಾ ಸಾಕುತ್ತೇನೆ. ಎಲ್ಲವೂ ಉಗುರಿನಷ್ಟು ಮರಿಗಳಾಗಿ ಬಂದವು, ಕೆಲವು ಮರಿಗಳಾಗಿಯೇ ಹೋದವು. ಪುತ್ತೂರು, ಕುಂಬಳೆ, ಮಂಗಳೂರು ಕಡೆಯ ಹುಡುಗ ಹುಡುಗಿಯರು ರಾತ್ರಿ ಫೋಟೋ ಕಳಿಸಿ "ಅಕ್ಕಾ, ಇದು ಹೋಯ್ತಾ?" ಎಂದು ಕೇಳುತ್ತಾರೆ. ಅವರಿಗೆ ಫೋನಿನಲ್ಲಿ ತುಂಡು ತುಂಡಾಗಿ ಹೇಳುತ್ತಾ ಬಂದದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಸತ್ತಿದೆಯೋ, ಪೊರೆ ಕಳಚುತ್ತಿದೆಯೋ

ನನಗೆ ಬರುವ ಫೋಟೋಗಳಲ್ಲಿ ಒಳ್ಳೆಯ ಪಾಲು ಸಾವಿನದ್ದೇ ಅಲ್ಲ. ಬೆನ್ನು ಕೆಳಗೆ, ಹೊಟ್ಟೆ ಮೇಲೆ, ಎಂಟು ಕಾಲೂ ಬಿಡಿಸಿಕೊಂಡು ಬಿದ್ದಿರುವ ಮರಿಯನ್ನು ಕಂಡರೆ ಎದೆ ಧಸಕ್ಕೆನ್ನುವುದು ಸಹಜ. ಆದರೆ ಟರಂಟುಲಾ ಹಾಗೆ ಮಲಗುವುದು ಪೊರೆ ಕಳಚಲಿಕ್ಕೆ. ಅಡಿಯಲ್ಲಿ ತೆಳ್ಳಗೆ ಬಿಳಿ ಬಲೆಯ ಹಾಸು ಕಂಡರೆ ಸಂಶಯವೇ ಬೇಡ. ಅದಕ್ಕೆ ಮೊದಲು ಮರಿ ಊಟ ಬಿಟ್ಟಿರುತ್ತದೆ, ಹೊಟ್ಟೆ ದುಂಡಗಾಗಿ ಕಪ್ಪಾಗಿ ಮಿರುಗುತ್ತಿರುತ್ತದೆ. ಮರಿಗಳ ಪೊರೆ ಸಾಧಾರಣವಾಗಿ ಕೆಲವು ಗಂಟೆಗಳೊಳಗೆ ಕಳಚಿ ಮುಗಿಯುತ್ತದೆ. ಅಷ್ಟು ಹೊತ್ತು ಮುಟ್ಟಬೇಡಿ, ಊದಬೇಡಿ, ನೀರು ಚಿಮುಕಿಸಬೇಡಿ, ಕವುಚಿ ಸರಿಮಾಡಲು ಹೋಗಬೇಡಿ. ಡಬ್ಬಿಯಲ್ಲಿ ಊಟಕ್ಕೆ ಬಿಟ್ಟ ಜೀವಂತ ಚಿಮ್ಮಂಡೆ ಇದ್ದರೆ ಅದನ್ನು ಮಾತ್ರ ಮೆಲ್ಲಗೆ ಹೊರಗೆ ತೆಗೆಯಿರಿ. ಹೊಸ ಚರ್ಮ ಇನ್ನೂ ಮೆತ್ತಗಿರುವಾಗ ಚಿಮ್ಮಂಡೆಯೇ ಜೇಡವನ್ನು ಕಚ್ಚಿ ತಿನ್ನುತ್ತದೆ.

ಇನ್ನೊಂದು ಗೊಂದಲ ಕಳಚಿದ ಪೊರೆಯದ್ದು. ಮೂಲೆಯಲ್ಲಿ ಮುದುಡಿಕೊಂಡು ಬಿದ್ದ ಪೊರೆ ಸತ್ತ ಜೇಡವೇ ಅನ್ನಿಸುತ್ತದೆ, ಕೂದಲು, ಉಗುರು, ವಿಷದ ಹಲ್ಲು ಸಮೇತ. ಮೊಬೈಲಿನ ಬೆಳಕು ಹಿಡಿದು ನೋಡಿ: ಬೆನ್ನಿನ ಚಿಪ್ಪು ಮುಚ್ಚಳ ತೆರೆದ ಹಾಗೆ ಎದ್ದಿದ್ದರೆ, ಕಾಲುಗಳ ಒಳಗೆ ಟೊಳ್ಳಿದ್ದರೆ, ಅದು ಪೊರೆ. ಮರಿ ಅಲ್ಲೇ ಎಲ್ಲೋ ಮಣ್ಣಿನಡಿ ಇದೆ. ಬಿಲದ ಬಾಯಿ ಮುಚ್ಚಿಕೊಂಡು ವಾರಗಟ್ಟಲೆ ಕಾಣದ ಮರಿಯನ್ನೂ ಸತ್ತಿತೆಂದು ಅಗೆಯಬೇಡಿ. ಡಬ್ಬಿಯ ಗೋಡೆಯ ಬದಿಯಿಂದ ನೋಡಿ, ಮಣ್ಣಿನ ಒಂದು ಮೂಲೆ ತೇವ ಇಡಿ, ಕಾಯಿರಿ.

ಕಾಲುಗಳೆಲ್ಲ ಮೈಯಡಿಗೆ ಸೆಳೆದುಕೊಂಡು, ಮುಷ್ಟಿ ಕಟ್ಟಿದಂತೆ, ಹೊಟ್ಟೆ ಕೆಳಗಾಗಿಯೇ ಕೂತಿದ್ದರೆ ಮಾತ್ರ ಆತಂಕ ಪಡಬೇಕು. ಜೇಡದ ಕಾಲಿನ ಎರಡು ಮುಖ್ಯ ಗೆಣ್ಣುಗಳಲ್ಲಿ ಮಡಚುವ ಸ್ನಾಯು ಇದೆ, ಚಾಚುವ ಸ್ನಾಯು ಇಲ್ಲ. ಚಾಚುವುದು ಮೈಯೊಳಗಿನ ದ್ರವದ ಒತ್ತಡದಿಂದ. ನೀರಿನಂಶ ಕಮ್ಮಿಯಾಗಿ ಒತ್ತಡ ಬಿದ್ದುಹೋದರೆ ಕಾಲುಗಳು ತಾವಾಗಿ ಮಡಚಿಕೊಳ್ಳುತ್ತವೆ. ಸತ್ತಾಗ ಆಗುವುದೂ ಇದೇ, ಬಾಯಾರಿ ಸಾಯುವ ಅಂಚಿನಲ್ಲಿ ಆಗುವುದೂ ಇದೇ. ಹಾಗಾಗಿ ಒಂದು ಪ್ರಯತ್ನ ಮಾಡದೆ ಕೈಬಿಡಬಾರದು.

ಸಣ್ಣ ಪ್ಲಾಸ್ಟಿಕ್ ಕಪ್ಪಿನಲ್ಲಿ ಟಿಶ್ಯೂ ಪೇಪರನ್ನು ನೀರಲ್ಲಿ ಅದ್ದಿ ಹಿಂಡಿ ಹಾಸಿ. ಮರಿಯನ್ನು ಮೆತ್ತನೆ ಬ್ರಷ್ಷಿನಿಂದ ಅದರ ಮೇಲಿಡಿ. ಇನ್ಸುಲಿನ್ ಸಿರಿಂಜಿನ ಸೂಜಿ ತೆಗೆದು, ಬಾಯಿಯ ಹತ್ತಿರ ಒಂದೇ ಹನಿ ನೀರು ಬಿಡಿ. ಹನಿ ಮರಿಗೆ ನಿಭಾಯಿಸಲಾಗುವಷ್ಟು ಸಣ್ಣದಿರಲಿ. ಹೊಟ್ಟೆಯ ಅಡಿಭಾಗ ನೆನೆಯಬಾರದು, ಏಕೆಂದರೆ ಟರಂಟುಲಾ ಉಸಿರಾಡುವ ಎರಡು ಜೋಡಿ ಪುಸ್ತಕ ಶ್ವಾಸಕೋಶಗಳ ಬಾಯಿ ಅಲ್ಲಿದೆ. ಮುಚ್ಚಳಕ್ಕೆ ತೂತುಗಳಿರಲಿ. ನೆರಳಲ್ಲಿಡಿ, ಬೆಳಗಿನ ತನಕ ಬಿಡಿ. ಬಾಯಾರಿಕೆಯೇ ಕಾರಣವಾಗಿದ್ದರೆ ಕಾಲುಗಳು ನಿಧಾನಕ್ಕೆ ಬಿಚ್ಚಿಕೊಳ್ಳುತ್ತವೆ, ಕೆಲವೊಮ್ಮೆ ರಾತ್ರಿ ಕಳೆಯುವುದರೊಳಗೆ. ಹಾಗೆ ಎದ್ದ ಮರಿಯನ್ನು ಆ ಒದ್ದೆ ಕಪ್ಪಿನಲ್ಲೇ ದಿನಗಟ್ಟಲೆ ಇಡಬಾರದು. ನಡೆಯತೊಡಗಿದ ಮೇಲೆ ಅದರ ಮನೆಗೇ ಹಿಂದೆ ಬಿಡಿ.

ಬೆಳಿಗ್ಗೆಯೂ ಕಾಲು ಬಿಚ್ಚದೆ, ಬ್ರಷ್ ತಾಗಿಸಿದರೆ ಅಲುಗದೆ, ಹೊಟ್ಟೆ ಸೊರಗಿ, ಹುಳಿ ವಾಸನೆ ಶುರುವಾಗಿದ್ದರೆ ಮರಿ ಇಲ್ಲ.

ಆಗಲೇ ಮಾಡಿಬಿಡಬೇಕಾದ್ದು

ನಮ್ಮ ಕಡೆಯ ಸೆಕೆಗೆ ಅಷ್ಟು ಸಣ್ಣ ದೇಹ ಒಂದು ದಿನ ಉಳಿಯುವುದಿಲ್ಲ. ಇರುವೆ ಬರುತ್ತದೆ, ನೊಣ ಬರುತ್ತದೆ, ಬೂಷ್ಟು ಹಿಡಿಯುತ್ತದೆ. ಒಂದು ಸಣ್ಣ ಗಾಜಿನ ಶೀಸೆಗೆ ಶೇ. 70ರ ಆಲ್ಕೋಹಾಲ್ ಹಾಕಿ ಅದರಲ್ಲಿ ಮುಳುಗಿಸಿಡಿ. ಮೆಡಿಕಲ್‌ನಲ್ಲಿ ಸಿಗುವ ಐಸೊಪ್ರೊಪೈಲ್ ಆದರೂ ಸಾಕು. ಬಣ್ಣ ಮಾಸುತ್ತದೆ, ಆಕಾರ ಉಳಿಯುತ್ತದೆ. ಸ್ಪಿರಿಟ್ ಇಲ್ಲದಿದ್ದರೆ ಸಣ್ಣ ಡಬ್ಬಿಯಲ್ಲಿಟ್ಟು ಫ್ರೀಜರಿನ ಮೂಲೆಗೆ, ಮನೆಯವರಿಗೆ ಹೇಳಿ. ಶೀಸೆಗೆ ಹಾಕುವ ಮೊದಲು ಮೇಲಿನಿಂದ ಒಂದು, ಅಡಿಯಿಂದ ಒಂದು ಫೋಟೋ ತೆಗೆಯಿರಿ. ಡಬ್ಬಿಯನ್ನು ಇದ್ದ ಹಾಗೇ ಮುಚ್ಚಿ ಬೇರೆ ಕೋಣೆಯಲ್ಲಿಡಿ.

ಇಷ್ಟು ಮಾಡಿದಿರೋ, ವಿಚಾರಣೆಗೆ ಅವಸರವಿಲ್ಲ. ಈ ಶೀಸೆಯೇ ನನ್ನ ಪ್ರಕಾರ ಅತಿ ದೊಡ್ಡ ಉಪಕಾರ. ಸಾಕ್ಷಿ ಎಲ್ಲೂ ಹೋಗುವುದಿಲ್ಲ ಎಂದು ಗೊತ್ತಾದಾಗ ರಾತ್ರಿಯಿಡೀ ಎದ್ದು ಕೂತು "ನೀರು ಹಾಕಿದ್ದೆನೋ, ಮುಚ್ಚಳ ಸರಿ ಹಾಕಿದ್ದೆನೋ" ಎಂದು ಮೈಯೆಲ್ಲ ಸುಟ್ಟುಕೊಳ್ಳುವುದು ಅರ್ಧಕ್ಕರ್ಧ ಇಳಿಯುತ್ತದೆ.

ಮನೆಯಲ್ಲಿ ಬೇರೆ ಜೇಡಗಳಿದ್ದರೆ ಮಲಗುವ ಮೊದಲು ಒಂದು ಸುತ್ತು ನೋಡಿ. ಎಲ್ಲದಕ್ಕೂ ನೀರಿದೆಯೇ, ಯಾವುದಾದರೂ ತಡವರಿಸುತ್ತಾ, ಕಾಲು ತೊಡರಿಸಿಕೊಂಡು, ಎಳೆದಂತೆ ನಡೆಯುತ್ತಿದೆಯೇ ಎಂದು. ಹಾಗೆ ನಡೆಯುವುದು ಕಂಡರೆ ಮಾತ್ರ ಅದೇ ರಾತ್ರಿ ಡಬ್ಬಿಗಳನ್ನೆಲ್ಲ ಬೇರೆ ಗಾಳಿ ಇರುವ ಜಾಗಕ್ಕೆ ಸಾಗಿಸಬೇಕು. ಅದು ವಿಷದ ಕಡೆ ಬೆರಳು ತೋರಿಸುವ ಲಕ್ಷಣ.

ಕಾಗದದ ಕೆಲಸ ಒಂದಿದೆ. ಮೆಕ್ಸಿಕೋದ ಕೆಂಪು ಮೊಣಕಾಲಿನ ಜೇಡ ಸೇರಿದ ಬ್ರಾಕಿಪೆಲ್ಮಾ ಕುಲ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟೀಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ವನ್ಯಜೀವಿ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯ ಮೇಲೆ ಇಂಥವನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಿಮ್ಮ ಮರಿ ನೋಂದಣಿಯಲ್ಲಿದ್ದರೆ ಸಾವನ್ನೂ ಅಲ್ಲಿ ತಿಳಿಸಿ. ಇದು ಆ ವಾರದ ಕೆಲಸ, ಆ ರಾತ್ರಿಯದ್ದಲ್ಲ.

ದುಃಖಕ್ಕೆ ಜಾಗ ಕೊಡುವುದು

"ಒಂದು ಜೇಡಕ್ಕೆ ಇಷ್ಟಾ?" ಈ ಮಾತು ಬರುತ್ತದೆ. ಅಂಗಡಿಯಲ್ಲಿ ನನ್ನ ಮುಖ ನೋಡಿ ಏನಾಯಿತೆಂದು ಕೇಳಿದವರು ಕಾರಣ ಕೇಳಿದ ಮೇಲೆ "ಎಟ್ಟುಕಾಲಿಯಾ?" (ಮಲಯಾಳದಲ್ಲಿ ಜೇಡ) ಎಂದು ಸುಮ್ಮನಾದದ್ದಿದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮನೆಯ ಮಾಡಿನ ಸಂದಿನಲ್ಲಿ ಪೊರಕೆಗೆ ಸಿಕ್ಕುವ ಜೇಡ ಬಿಟ್ಟು ಬೇರೆ ಜೇಡವನ್ನು ಅವರು ಹತ್ತಿರದಿಂದ ನೋಡಿಲ್ಲ.

ಆದರೆ ಹುಳಹುಪ್ಪಟೆಗೆ ಅಳುವುದು ನಮ್ಮ ನಾಡಿಗೆ ಹೊಂದುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ದಾರಿಯಲ್ಲಿ ಸತ್ತ ನಾಗರಹಾವು ಸಿಕ್ಕಿದರೆ ಬಟ್ಟೆ ಹೊದಿಸಿ ಸಂಸ್ಕಾರ ಮಾಡುವ ಊರು ನಮ್ಮದು. ಕುಂಬಳೆ ಹತ್ತಿರದ ಅನಂತಪುರ ಕ್ಷೇತ್ರದ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಜನ ದೂರದೂರದಿಂದ ಬಂದು ಕೊನೆಯ ಸಲ ನೋಡಿ ಹೋದರು, ಆವರಣದಲ್ಲೇ ಸಮಾಧಿ ಮಾಡಿದರು. ಅಲ್ಲಿ ಕಣ್ಣೊರೆಸಿಕೊಂಡವರನ್ನು "ಒಂದು ಮೊಸಳೆಗೆ ಇಷ್ಟಾ" ಎಂದು ಯಾರೂ ಕೇಳಲಿಲ್ಲ. ದೇವರ ನೆರಳು ಇಲ್ಲದ ಪ್ರಾಣಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು ಎಂಬುದು ನನ್ನ ನಂಬಿಕೆ.

ಮರಿಯ ಸಾವಿಗೆ ಬೇರೆಯೇ ಒಂದು ನೋವಿದೆ, ಅದನ್ನು ಹೆಸರಿಟ್ಟು ಹೇಳಿಕೊಳ್ಳಬೇಕು. ಟರಂಟುಲಾದ ಹೆಣ್ಣು ಹದಿನೈದು ಇಪ್ಪತ್ತು ವರ್ಷ ಬದುಕಬಲ್ಲದು. ಒಂದು ಸೆಂಟಿಮೀಟರಿನ ಮರಿಯನ್ನು ಮನೆಗೆ ತಂದ ದಿನವೇ ನಾವು ಆ ಇಪ್ಪತ್ತು ವರ್ಷಕ್ಕೆ ಕೈ ಚಾಚಿರುತ್ತೇವೆ. ನನ್ನ ಮಿಂಚು ವೆನೆಜುವೆಲಾದ ಪರಗ್ವಾನಾ ಮೂಲದ ತಳಿ, ಕ್ರೊಮ್ಯಾಟೊಪೆಲ್ಮಾ. ಮರಿಯಾಗಿದ್ದಾಗ ಹೊಟ್ಟೆಯ ಮೇಲೆ ಕಿತ್ತಳೆ ಕಪ್ಪು ಪಟ್ಟೆ, ದೊಡ್ಡದಾದ ಮೇಲೆ ಕಾಲು ನೀಲಿ, ಬೆನ್ನು ಹಸಿರು. ಆ ನೀಲಿ ಬರುವ ಮೊದಲೇ ಪೊರೆ ಕಳಚುವಾಗ ಸಿಕ್ಕಿಹಾಕಿಕೊಂಡು ಹೋಯಿತು. ಅತ್ತದ್ದು ಇದ್ದ ಮಿಂಚುವಿಗೆ ಮಾತ್ರವಲ್ಲ, ನೋಡಲಾಗದ ನೀಲಿಗೂ. ಇದನ್ನು ಬಾಯಿಬಿಟ್ಟು ಹೇಳಿದ ಮೇಲೆ ನನಗೆ ಊಟ ಇಳಿಯಿತು.

ಪೊರೆಗಳನ್ನು ತೆಗೆದಿಟ್ಟಿದ್ದೀರಾದರೆ ಅವೇ ಒಳ್ಳೆಯ ಗುರುತು. ಕೊನೆಯ ಪೊರೆಯನ್ನು ಒದ್ದೆ ಟಿಶ್ಯೂ ಮೇಲೆ ಸ್ವಲ್ಪ ಹೊತ್ತಿಟ್ಟು ಮೆತ್ತಗಾದ ಮೇಲೆ ಥರ್ಮೋಕೋಲಿನ ಮೇಲೆ ಕಾಲುಗಳನ್ನು ಬಿಡಿಸಿ ಗುಂಡುಸೂಜಿಯಿಂದ ಆನಿಸಿ. ಸೂಜಿ ಕಾಲಿನ ಒಳಗಿಂದ ಹಾಯಬಾರದು, ಪಕ್ಕದಲ್ಲಿ ತಡೆ ಕೊಡಬೇಕು. ಒಣಗಿದ ಮೇಲೆ ಸಣ್ಣ ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದು. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಪೊಟ್ಟಣ ಒಂದು ಹಾಕಿ, ಇಲ್ಲದಿದ್ದರೆ ಬೂಷ್ಟು ಬರುತ್ತದೆ.

ಹೂಳುವುದಿದ್ದರೆ ವಿಚಾರಣೆ ಮುಗಿದ ಮೇಲೆ ಹೂಳಿ. ಮಳೆಗಾಲದಲ್ಲಿ ಅಂಗಳದ ಮಣ್ಣು ಕೊಚ್ಚಿಹೋಗುತ್ತದೆ, ಹಾಗಾಗಿ ಹೂಕುಂಡ ಮೇಲು. ತೆಂಗಿನ ಗೆರಟೆಯಲ್ಲಿಟ್ಟು ಇನ್ನೊಂದು ಗೆರಟೆ ಮುಚ್ಚಿ ಹೂಳಿದರೆ ಕೋಳಿ ಕೆದಕುವುದಿಲ್ಲ.

ಮನೆಯಲ್ಲಿ ಮಕ್ಕಳಿದ್ದರೆ ನಿಜ ಹೇಳಿ. "ನಿದ್ದೆ ಹೋಗಿದೆ" ಎನ್ನಬೇಡಿ, ಮಗು ಅಂದು ರಾತ್ರಿ ನಿದ್ದೆಗೇ ಹೆದರುತ್ತದೆ. ಅದೇ ಜಾತಿಯ ಇನ್ನೊಂದು ಮರಿ ತಂದು ಸದ್ದಿಲ್ಲದೆ ಡಬ್ಬಿಗೆ ಬಿಡುವುದಂತೂ ಬೇಡವೇ ಬೇಡ. ಮಕ್ಕಳು ಕಾಲಿನ ಪಟ್ಟೆ ಎಣಿಸಿದವರು, ಒಂದು ನೋಟಕ್ಕೆ ಕಂಡುಹಿಡಿಯುತ್ತಾರೆ, ಆಮೇಲೆ ನಿಮ್ಮ ಬೇರೆ ಮಾತುಗಳನ್ನೂ ನಂಬುವುದಿಲ್ಲ. ಗೆರಟೆ ಹುಡುಕುವುದು, ಕುಂಡ ಆರಿಸುವುದು, ಹೆಸರು ಬರೆಯುವುದು ಅವರ ಕೈಗೆ ಬಿಡಿ. "ನನ್ನಿಂದ ಸತ್ತಿತಾ?" ಎಂದು ಮಗು ಕೇಳಿದರೆ ಅವಸರದಲ್ಲಿ "ಇಲ್ಲ" ಎನ್ನುವುದಕ್ಕಿಂತ "ನಾಡಿದ್ದು ಇಬ್ಬರೂ ಸೇರಿ ಕಾರಣ ನೋಡೋಣ" ಎನ್ನುವುದು ಹೆಚ್ಚು ಸಮಾಧಾನ ಕೊಡುತ್ತದೆ. ನಾನು ಕಂಡ ಮಕ್ಕಳು ಹಾಗೆ ಹೇಳಿದ ಮೇಲೆ ಲೆನ್ಸ್ ಹಿಡಿದು ಕಾಯುತ್ತಿದ್ದರು.

ವಿಚಾರಣೆ: ಹಗಲು ಹೊತ್ತಿನಲ್ಲಿ, ಲೆನ್ಸ್ ಹಿಡಿದು

ಕೆಲವು ದಿನ ಕಳೆದು ಕೈ ನಡುಗದ ಹೊತ್ತಿಗೆ ಶೀಸೆ, ಡಬ್ಬಿ, ಒಂದು ನೋಟ್‌ಬುಕ್ ತೆಗೆದು ಕೂರಿ. ಕಡೆಯ ಊಟ ಏನು, ಯಾವಾಗ. ಕಡೆಯ ಪೊರೆ ಯಾವಾಗ. ಆ ವಾರ ಮನೆಯಲ್ಲಿ ಹೊಸತೇನು ನಡೆಯಿತು ಎಂದು ಬರೆಯಿರಿ. ಪೈಂಟಿಂಗ್, ಗೆದ್ದಲಿನ ಮದ್ದು, ಕಪಾಟಿಗೆ ನುಸಿಗುಳಿಗೆ, ನಾಯಿಗೆ ಉಣ್ಣಿಯ ಮದ್ದು, ಎಲ್ಲವನ್ನೂ.

ಮೊದಲ ಪ್ರಶ್ನೆ: ಸತ್ತದ್ದು ಒಂದೋ, ಹಲವೋ? ಒಂದೇ ಕೋಣೆಯಲ್ಲಿ ಬೇರೆ ಬೇರೆ ಡಬ್ಬಿಗಳ ಮರಿಗಳು ಒಂದರ ಹಿಂದೆ ಒಂದು ಹೋದರೆ ಗಾಳಿಯನ್ನೂ ಊಟವನ್ನೂ ಸಂಶಯಿಸಬೇಕು. ಸೊಳ್ಳೆ ಕಾಯಿಲ್ ಮತ್ತು ಲಿಕ್ವಿಡ್ ಯಂತ್ರಗಳಲ್ಲಿರುವುದು ಪೈರೆಥ್ರಾಯ್ಡ್ ಗುಂಪಿನ ರಾಸಾಯನಿಕಗಳು. ನಮಗೆ ಅಷ್ಟೇನೂ ಮಾಡದ ಪ್ರಮಾಣ ಜೇಡದ ನರಗಳಿಗೆ ಹೆಚ್ಚಾಗುತ್ತದೆ. ಆಟಿ ತಿಂಗಳ ಮಳೆಗೆ ಕಿಟಕಿ ಮುಚ್ಚಿ ರಾತ್ರಿಯಿಡೀ ಯಂತ್ರ ಉರಿಸುವ ಮನೆಯಲ್ಲಿ ಜೇಡದ ಕೋಣೆಯ ಬಾಗಿಲು ಬೇರೆಯೇ ಇರಬೇಕು. ಆ ಕೋಣೆಗೆ ಸೊಳ್ಳೆ ಬಲೆ ಹೊಡೆಸಿ, ಅದೇ ಮದ್ದು. ಡೆಂಗಿ ಬಂದಾಗ ಊರಲ್ಲಿ ಫಾಗಿಂಗ್ ಮಾಡುತ್ತಾರೆ, ಮಾಡಲೇಬೇಕು. ಸುದ್ದಿ ತಿಳಿದ ಕೂಡಲೇ ಡಬ್ಬಿಗಳನ್ನು ದೂರದ ನೆಂಟರ ಮನೆಗೆ ಸಾಗಿಸುವುದು ಸಾಕುವವರ ಕೆಲಸ. ನಾಯಿಗೆ ಉಣ್ಣಿಯ ಹನಿಮದ್ದು ಹಾಕಿದ ದಿನ ಜೇಡದ ಡಬ್ಬಿ ಮುಟ್ಟಬೇಡಿ. ಅದರಲ್ಲಿ ಫಿಪ್ರೊನಿಲ್ಲೋ ಪರ್ಮೆಥ್ರಿನ್ನೋ ಅಂತಹ ಕೀಟನಾಶಕ ಇರುತ್ತದೆ, ಕೈಗೆ ಅಂಟಿ ಬರುತ್ತದೆ.

ಊಟದ ವಿಚಾರದಲ್ಲಿ ನಾನು ಬಹಳ ಕಟ್ಟುನಿಟ್ಟು. ತೋಟದಲ್ಲಿ ಹಿಡಿದ ಚಿಮ್ಮಂಡೆ, ಮಿಡತೆ ಹಾಕಬೇಡಿ. ಅಡಕೆಗೆ ಮಹಾಳಿ, ಎಂದರೆ ಕೊಳೆರೋಗ, ಬಾರದಂತೆ ಬೋರ್ಡೋ ದ್ರಾವಣ ಸಿಂಪಡಿಸುವ ತೋಟ, ಅದರಲ್ಲಿ ಮೈಲುತುತ್ತು ಇದೆ. ಪಕ್ಕದ ತರಕಾರಿ ಸಾಲಿಗೆ ಯಾರು ಏನು ಹೊಡೆದರೋ ನಮಗೆ ಗೊತ್ತಿರುವುದಿಲ್ಲ. ನಾನು ಪೆರ್ಲ ಇರುವ ಎಣ್ಮಕಜೆ ಪಂಚಾಯತಿನವಳು. ನಮ್ಮ ಗೇರುಗುಡ್ಡೆಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಅದು ಮನುಷ್ಯರಿಗೆ ಮಾಡಿದ್ದನ್ನು ಈಗಲೂ ಮನೆಮನೆಯಲ್ಲಿ ಕಾಣುತ್ತೇವೆ. ಹುಳ ಸತ್ತು ಬಿದ್ದರೆ ಯಾಕೆಂದು ಕೇಳಬೇಕು ಎಂದು ನಮ್ಮ ಊರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಮನೆಯಲ್ಲೇ ಡಬ್ಬಿಯಲ್ಲಿ ಸಾಕಿದ ಚಿಮ್ಮಂಡೆ, ಜಿರಳೆ ಅಥವಾ ಹಾರಲಾರದ ಹಣ್ಣುನೊಣಗಳನ್ನೇ ಕೊಡಿ.

ಒಂದೇ ಮರಿ ಸತ್ತಿದ್ದರೆ ಹೊಟ್ಟೆ ನೋಡಿ. ಫೋಟೋದಲ್ಲಿ ಹೊಟ್ಟೆ ಸುಕ್ಕುಗಟ್ಟಿ ತಲೆಭಾಗಕ್ಕಿಂತ ಸಣ್ಣದಾಗಿದ್ದರೆ ನೀರಿನ ಕೊರತೆ ಅಥವಾ ಹಸಿವು. ಮರಿ ಸಣ್ಣದಾದಷ್ಟೂ ಮೈಯ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಜಾಸ್ತಿ, ಆದ್ದರಿಂದ ದೊಡ್ಡ ಜೇಡ ತಿಂಗಳು ತಡೆಯುವ ಬರವನ್ನು ಮರಿ ಕೆಲವೇ ದಿನ ತಡೆಯುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ತಗಡಿನ ಮಾಡಿನ ಕೆಳಗಿನ ಕೋಣೆಯಲ್ಲಿ ಇದು ಆಗುತ್ತದೆ. ಔಷಧಿ ಶೀಸೆಯ ಸಣ್ಣ ಮುಚ್ಚಳದಲ್ಲಿ ನೀರಿಡಿ, ತೆಂಗಿನ ನಾರಿನ ಪುಡಿಯ ಒಂದು ಬದಿಯನ್ನು ತಳದ ತನಕ ತೇವ ಮಾಡಿ.

ಹೊಟ್ಟೆ ದುಂಡಗೇ ಇದ್ದು, ಕಾಲುಗಳು ಅರ್ಧ ಹಳೆ ಪೊರೆಯೊಳಗೇ ಇದ್ದರೆ ಕಳಚುವಾಗ ಸಿಕ್ಕಿಕೊಂಡದ್ದು. ಕಳಚುವುದೆಂದರೆ ಹೊರಚರ್ಮ ಮಾತ್ರವಲ್ಲ, ವಿಷದ ಹಲ್ಲು, ಗಂಟಲಿನ ಒಳಪದರ, ಹೀರುವ ಹೊಟ್ಟೆಯ ಒಳಪದರ ಕೂಡ ಹೊರಬರಬೇಕು. ಜೇಡದ ಬದುಕಿನಲ್ಲಿ ಇದಕ್ಕಿಂತ ಅಪಾಯದ ಹೊತ್ತಿಲ್ಲ. ಮೊದಲಿನ ವಾರಗಳಲ್ಲಿ ನೀರು ಸಾಲದೆ ಹೋದರೆ ಹೀಗಾಗಬಹುದು. ಎಲ್ಲ ಸರಿಯಿದ್ದೂ ಆಗುತ್ತದೆ. ಮೈಮೇಲೆ ಸಣ್ಣ ಗಾಯ, ಒಸರಿದ ತೇವ ಕಂಡರೆ ಡಬ್ಬಿಯಲ್ಲಿ ಉಳಿದ ಚಿಮ್ಮಂಡೆ ಅಥವಾ ಮಣ್ಣಿನಡಿ ಅಡಗಿದ, ಊಟಕ್ಕೆ ಹಾಕಿದ ಮೀಲ್‌ವರ್ಮ್ ಹುಳ ಹುಡುಕಿ. ಮರಿಗಳಿಗೆ ಬೇಟೆಯನ್ನು ತಲೆ ಜಜ್ಜಿಯೇ ಕೊಡಬೇಕು, ಮರುದಿನ ಉಳಿದದ್ದನ್ನು ತೆಗೆಯಬೇಕು.

ಮಳೆಗಾಲದ ಸಾವುಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಮರಿಗಳು ಹೋಗುವುದು ಆಗಲೇ ಜಾಸ್ತಿ. ಚಳಿದೇಶಗಳಲ್ಲಿ ಹೀಟರ್ ಹಾಕಿದ ಕೋಣೆ ಒಣಗಿರುತ್ತದೆ, ಅಲ್ಲಿನವರು ಮರಿಗಳಿಗೆ ದಿನಾ ನೀರು ಸಿಂಪಡಿಸಲು ಹೇಳುತ್ತಾರೆ. ಅವರ ವೀಡಿಯೋ ನೋಡಿ ಇಲ್ಲಿ ಹಾಗೆ ಮಾಡಬೇಡಿ. ಕಾಸರಗೋಡಿಗೆ ವರ್ಷಕ್ಕೆ 3000 ಮಿಲ್ಲಿಮೀಟರಿಗಿಂತ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಟ್ಟಿದ ಸೀರೆ ಹಗ್ಗದ ಮೇಲೆ ಮೂರು ದಿನವಾದರೂ ಒಣಗದ ಗಾಳಿಯಲ್ಲಿ ಇನ್ನೂ ತೇವ ಸೇರಿಸುವುದು ಯಾಕೆ? ಆಗ ಬೇಕಾದ್ದು ಗಾಳಿಯಾಟ. ಡಬ್ಬಿಯ ಎರಡು ಎದುರುಬದುರು ಗೋಡೆಗೆ ಬಿಸಿ ಸೂಜಿಯಿಂದ ಸಾಲು ತೂತು ಮಾಡಿ, ಒಂದು ಸಾಲು ತಗ್ಗಿನಲ್ಲಿ, ಒಂದು ಎತ್ತರದಲ್ಲಿ. ತೂತು ಮರಿಯ ತಲೆಭಾಗಕ್ಕಿಂತ ಸಣ್ಣದಿರಲಿ. ಗಾಳಿ ಕಟ್ಟಿದ ಡಬ್ಬಿಯಲ್ಲಿ ಉಳಿದ ಬೇಟೆಯ ಮೇಲೆ ಬೂಷ್ಟು, ಅದರ ಹಿಂದೆ ನುಸಿ, ಅದರ ಹಿಂದೆ ಗೂನುಬೆನ್ನಿನ ಸಣ್ಣ ನೊಣಗಳು ಬರುತ್ತವೆ. ಮಿಂಚುವಿನಂತಹ ಒಣನಾಡಿನ ತಳಿಗಳಿಗೆ ಮಳೆಗಾಲದಲ್ಲಿ ಮಣ್ಣನ್ನು ಪೂರ್ತಿ ಒಣಗಿಸಿಯೇ ಇಟ್ಟು ನೀರಿನ ಮುಚ್ಚಳ ಮಾತ್ರ ಇಡುತ್ತೇನೆ.

ಇರುವೆಗೆ ಹಳೆಯ ಉಪಾಯವೇ ಸಾಕು. ಕಪಾಟಿನ ನಾಲ್ಕು ಕಾಲನ್ನೂ ನೀರು ತುಂಬಿದ ಬಟ್ಟಲಲ್ಲಿಡಿ, ಕಪಾಟು ಗೋಡೆಗೆ ತಾಗದಿರಲಿ. ಇರುವೆ ಪುಡಿ, ಲಕ್ಷ್ಮಣರೇಖೆ ಆ ಕೋಣೆಯೊಳಗೆ ಬರಬಾರದು.

ಬಾಯಿಯ ಸುತ್ತ ಬಿಳಿ ಗಂಜಿಯಂತಹದ್ದು ಅಂಟಿದ್ದರೆ ದಾರದ ಹುಳುವಿನ ಸಂಶಯ. ಆ ಮಣ್ಣನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ, ಡಬ್ಬಿ ಬಿಸಾಡಿ, ಚಿಮಟ ಕುದಿಸಿ, ಕೈ ಸಾಬೂನಿನಲ್ಲಿ ತೊಳೆದ ಮೇಲೆಯೇ ಬೇರೆ ಜೇಡ ಮುಟ್ಟಿ.

ಇಷ್ಟೆಲ್ಲ ನೋಡಿಯೂ ಕಾರಣ ಸಿಗದಿರಬಹುದು. ಆಗ ಒಂದು ಲೆಕ್ಕ ಉಪಯೋಗಕ್ಕೆ ಬರುತ್ತದೆ. ಬ್ರೆಜಿಲಿನ ಲಾಸಿಯೊಡೋರಾ ಎಂಬ ಟರಂಟುಲಾದ ಒಂದೇ ಮೊಟ್ಟೆಚೀಲದಲ್ಲಿ ಸಾವಿರ ದಾಟಿ ಮರಿಗಳಿರಬಹುದು. ಅಷ್ಟರಲ್ಲಿ ಕಾಡಿನಲ್ಲಿ ಬೆಳೆದು ದೊಡ್ಡದಾಗುವುದು ಬೆರಳೆಣಿಕೆಯಷ್ಟು. ಕೆಲವು ಮರಿಗಳು ಹುಟ್ಟುವಾಗಲೇ ಒಳಗೆ ಏನೋ ಕೂಡಿಬಾರದೆ ಹುಟ್ಟಿರುತ್ತವೆ, ತಿಂದರೂ ಹಿಗ್ಗುವುದಿಲ್ಲ, ಎರಡು ಮೂರು ಪೊರೆ ದಾಟುವುದಿಲ್ಲ. ದುಃಖದಲ್ಲಿದ್ದವರಿಗೆ ಈ ಲೆಕ್ಕವನ್ನು ಮೊದಲ ದಿನವೇ ಹೇಳಿದರೆ ಅದು ಬರೇ ನಿರ್ದಯ ಮಾತು. ವಿಚಾರಣೆಯ ಕೊನೆಗೆ, ಎಲ್ಲ ಕಾರಣ ಒಂದೊಂದಾಗಿ ಹುಡುಕಿ ಮುಗಿದ ಮೇಲೆ ಹೇಳಿದರೆ ಮಾತ್ರ ಅದಕ್ಕೆ ಅರ್ಥ ಇದೆ. ನೋಟ್‌ಬುಕ್ಕಿನಲ್ಲಿ "ಕಾರಣ ತಿಳಿಯಲಿಲ್ಲ" ಎಂದು ಬರೆದು ದಿನಾಂಕ ಹಾಕಿ. ಅದೂ ಒಂದು ಉತ್ತರವೇ.

ಕಾರಣ ನಿಮ್ಮ ಕೈಯಲ್ಲೇ ಇತ್ತು ಎಂದು ತಿಳಿದರೆ, ಬದಲಾಯಿಸಬೇಕಾದ್ದನ್ನು ಅದೇ ಪುಟದಲ್ಲಿ ಬರೆಯಿರಿ, ಉಳಿದ ಡಬ್ಬಿಗಳಲ್ಲಿ ಅಂದೇ ಬದಲಾಯಿಸಿ. ತೂತು ಕೊರೆಯುವ, ಬಟ್ಟಲಿಗೆ ನೀರು ತುಂಬಿಸುವ ಕೈಗೆ ತನ್ನನ್ನೇ ಹೊಡೆದುಕೊಳ್ಳಲು ಪುರುಸೊತ್ತು ಕಮ್ಮಿ ಇರುತ್ತದೆ. ಇದನ್ನು ನಾನು ಹಲವರಲ್ಲಿ ಕಂಡಿದ್ದೇನೆ.

ಇನ್ನೊಂದು ಮರಿ

ಬೇಕೆನ್ನಿಸದಿದ್ದರೆ ತರಬೇಕೆಂದಿಲ್ಲ. ಖಾಲಿ ಡಬ್ಬಿ ಕಣ್ಣಿಗೆ ಚುಚ್ಚುತ್ತದೆ ಎಂಬ ಒಂದೇ ಕಾರಣಕ್ಕೆ ತರಬೇಡಿ. ಮಣ್ಣು ಎಸೆದು, ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ ಅಟ್ಟಕ್ಕೆ ಹಾಕಿ.

ಬೇಕೆನ್ನಿಸಿದರೆ ಪತ್ತನಾಜೆ (ಮೇ ಕೊನೆಯ ಹೊತ್ತು) ಕಳೆದ ಮೇಲೆ ಮಳೆಗಾಲ ಮುಗಿಯುವ ತನಕ ಕಾಯಿರಿ, ನವರಾತ್ರಿ ಮುಗಿದು ಗಾಳಿ ಹಗುರಾದ ಮೇಲೆ ತನ್ನಿ. ಕಡು ಬೇಸಿಗೆಯೂ ಬೇಡ, ಪಾರ್ಸೆಲ್ ವಾಹನದೊಳಗಿನ ಕಾವಿಗೆ ಮರಿಗಳು ದಾರಿಯಲ್ಲೇ ಬಳಲುತ್ತವೆ. ಒಂದು ಸೆಂಟಿಮೀಟರಿನದ್ದಕ್ಕಿಂತ ನಾಲ್ಕೈದು ಸೆಂಟಿಮೀಟರಿಗೆ ಬೆಳೆದದ್ದನ್ನು ಆರಿಸಿ. ಬೆಲೆ ಹೆಚ್ಚು, ಆದರೆ ಸೂಕ್ಷ್ಮ ಕಾಲ ದಾಟಿ ಬಂದಿರುತ್ತದೆ. ಬ್ರೆಜಿಲಿನ ಬಿಳಿ ಮೊಣಕಾಲಿನ ಅಕಾಂತೊಸ್ಕೂರಿಯಾ ನಮ್ಮ ತೇವಕ್ಕೆ ಒಗ್ಗುತ್ತದೆ, ಚೆನ್ನಾಗಿ ತಿನ್ನುತ್ತದೆ, ಬೇಗ ಬೆಳೆಯುತ್ತದೆ. ಒಮ್ಮೆ ಕಳಕೊಂಡವರಿಗೆ ನಾನು ಹೇಳುವುದು ಅದನ್ನೇ.

ಕಾಡಿನಿಂದ ಹಿಡಿದದ್ದನ್ನು ಮಾತ್ರ ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ನಮ್ಮ ಮುರಕಲ್ಲಿನ ಬರೆಗಳಲ್ಲೂ ಬಿಲದ ಬಾಯಿಗೆ ಬಲೆ ನೆಯ್ದು ಕೂತಿರುವ ದೊಡ್ಡ ಜೇಡಗಳಿವೆ, ಅವು ಅಲ್ಲೇ ಇರಲಿ. ಆಂಧ್ರದ ಗೂಟಿಯ ಹೆಸರಿನಲ್ಲಿ ಪ್ರಸಿದ್ಧವಾದ ನೀಲಿ ಮರಜೇಡ, ಪೊಯಿಸಿಲೋಥೀರಿಯಾ ಮೆಟಾಲಿಕಾ, 1899ರಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು, ಮತ್ತೆ ಕಂಡದ್ದು ಒಂದು ಶತಮಾನದ ಮೇಲೆ, ನಂದ್ಯಾಲ ಗಿದ್ದಲೂರು ನಡುವಿನ ಕಾಡಿನಲ್ಲಿ. ಇರುವ ಕಾಡು ಅಷ್ಟೇ, ಅಳಿವಿನ ಅಂಚಿಗೆ ಬಂದಿದೆ. ಅಂಥದ್ದೊಂದು ಮರಿ ನಮ್ಮ ಡಬ್ಬಿಯಲ್ಲಿ ಸತ್ತರೆ ಆ ನಷ್ಟವನ್ನು ಯಾವ ನೋಟ್‌ಬುಕ್ಕಿನಲ್ಲೂ ಬರೆದು ತೀರಿಸಲಾಗದು.

ಹೊಸದಕ್ಕೆ ಹೊಸ ಹೆಸರಿಡಿ, ಹೊಸ ಪುಟ ತೆರೆಯಿರಿ. ಬಂದ ದಿನ ನೀರು ಮಾತ್ರ. ಊಟ ನಾಲ್ಕೈದು ದಿನ ಬಿಟ್ಟು, ತಲೆ ಜಜ್ಜಿದ ಸಣ್ಣ ಚಿಮ್ಮಂಡೆ, ಜೇಡದ ಹೊಟ್ಟೆಗಿಂತ ದೊಡ್ಡದಾಗಿರದಂತೆ. ಮುಟ್ಟದಿದ್ದರೆ ಮರುದಿನ ತೆಗೆದು, ವಾರ ಬಿಟ್ಟು ಮತ್ತೆ ಕೊಡಿ.